ಕಮಲಿಯ ಕರೆಯ

ಕಾಗಾಲದಲ್ಲಿ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಕಮಲಿಗೆ ಸುದ್ದಿ ಹೋಗುತ್ತಿತ್ತು. ಮದುವೆಗೆ ಬನ್ನಿರೆಂದು ಮನೆ ಮನೆಗೆ ಹೋಗಿ ಕರೆಯ ಹೇಳಲು ಅವಳು ಜೊತೆಗಿರಬೇಕಿತ್ತು. ಅವಳೇನು ಊರಿನ ಗಣ್ಯಳಲ್ಲ; ಮೀನಿನ ಬುಟ್ಟಿ ಹೊತ್ತು ಕುಮಟೆಯವರೆಗೂ ಮಾರಿಕೊಂಡು ಬರುವ ಹೆಂಗಸು. ಆದರೆ ಕಮಲಿ ಬಂದು ಕರೆದಳೆಂದರೆ ಮುಗಿಯಿತು, ಹೋಗದೆ ಉಳಿಯಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ಕರೆಯುವುದರಲ್ಲಿ ಅವಳದೇ ಒಂದು ಹಟವಿತ್ತು. ಫೋನಿನಲ್ಲಿ ಹೇಳಿದ್ದನ್ನು ಅವಳು ಕರೆಯವೆಂದೇ ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಜನ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಹೇಳಿ ಕೈತೊಳೆದುಕೊಳ್ಳದೆ ಮತ್ತೊಮ್ಮೆ ಹೋಗುತ್ತಿದ್ದಳು. ಜಗಲಿಯಲ್ಲಿ ನಿಂತು, ಕುಂಕುಮ ಕೊಟ್ಟು, ಅತ್ತೆಯೊಂದಿಗೆ ಮಾತು ಬಿಟ್ಟ ಸೊಸೆಯನ್ನೂ ಹೆಸರು ಹಿಡಿದು ಹೊರಗೆ ಕರೆಸಿ ಹೇಳುತ್ತಿದ್ದಳು. ತಾನು ಕರೆದವರಿಗೆ ಅಲ್ಲಿ ಕೂರಲು ಜಾಗ, ಉಣ್ಣಲು ಎಲೆ, ಒಂದು ಒಳ್ಳೆಯ ಮಾತು ಇರಲೇಬೇಕು. ಒಂದು ಮದುವೆಯಲ್ಲಿ ಅನ್ನ ಕಡಿಮೆ ಬಿದ್ದಾಗ ಮನೆಯವರಿಗಿಂತ ಮೊದಲು ಅಕ್ಕಿ ತೊಳೆಯಲು ಕೂತವಳು ಅವಳೇ. ಗಂಡ ಹೋದ ಮೇಲೆ ಅವಳಿಗೆ ಉಳಿದ ಆಸ್ತಿಯೆಂದರೆ ಮಗಳು ಮತ್ತು ಈ ಮಾತಿನ ಬೆಲೆ.

ಅಂಥವಳ ಮನೆಗೆ ಒಂದು ದಿನ ಅಣ್ಣನ ಮಗ ನಿತೇಶ ಮುಖ ಸಣ್ಣ ಮಾಡಿಕೊಂಡು ಬಂದ. ಅವನು ಹೊನ್ನಾವರದಲ್ಲಿ ಟೈ ಕಟ್ಟಿಕೊಂಡು ಓಡಾಡುವ ಕೆಲಸ ಹಿಡಿದಿದ್ದ. ವ್ಯಾಪಾರ ಬೆಳೆಸುವುದು ಹೇಗೆಂದು ಸೆಮಿನಾರ್ ನಡೆಸುವ ಕಂಪನಿ. ಪಾಠ ಹೇಳುವವರು ಸುಧಾಕರ ಸರ್, ಜನ ಸೇರಿಸುವವನು ನಿತೇಶ. ಭಟ್ಕಳದಲ್ಲಿ ಪುಕ್ಕಟೆ ಇಟ್ಟಾಗ ಜನ ಕಿಕ್ಕಿರಿದು ಬಂದಿದ್ದರು. ಸಮೋಸದ ತಟ್ಟೆ ಖಾಲಿಯಾದದ್ದೇ ಕುರ್ಚಿಗಳೂ ಖಾಲಿಯಾದವು. ಹೊನ್ನಾವರದಲ್ಲಿ ಟಿಕೆಟ್ ಇಟ್ಟರು. ಬಸ್‌ಸ್ಟ್ಯಾಂಡಿಗೆ ಬ್ಯಾನರ್ ಕಟ್ಟಿ, ಕಂಡ ಕಂಡ ವಾಟ್ಸಾಪ್ ಗ್ರೂಪುಗಳಿಗೆಲ್ಲ ಕಳಿಸಿದರೂ ಕೊನೆಗೆ ಪಾಠ ಕೇಳಿದವರು ಮೈಕಿನವನು ಮತ್ತು ವಾಚ್‌ಮನ್. ಊರಿನ ವ್ಯಾಪಾರವನ್ನೆಲ್ಲ ಉದ್ಧಾರ ಮಾಡಲು ಹೊರಟವರ ಸ್ವಂತ ವ್ಯಾಪಾರದ ಗತಿ ಹೀಗಿತ್ತು.

"ಅತ್ತೆ, ಕುಮಟೆಲಿ ಒಂದು ಕಾರ್ಯಕ್ರಮ ಅದೆ. ನೀ ಒಂದ್ ಸಲ ಕರೆಯ ಹೇಳಿ ಬಂದ್ರೆ ನನ್ನ ಕೆಲಸ ಉಳೀತದೆ," ಎಂದ ನಿತೇಶ.

"ಎಂತಾ ಕಾರ್ಯಕ್ರಮನಾ ಅದು?"

"ಸರ್ ಬಂದು ವ್ಯಾಪಾರ ಹೆಚ್ಚು ಮಾಡುದು ಹೆಂಗೆ ಅಂತ ಹೇಳಿಕೊಡ್ತ್ರು. ಮೀನಿನವ್ರು, ಹಪ್ಪಳದವ್ರು, ಗೂಡಂಗಡಿಯವ್ರು, ಎಲ್ಲಾರೂ ಬರೂಕೆ ಅಡ್ಡಿಲ್ಲ."

"ಊಟ ಅದೆಯಾ?"

"ಅದೆ ಅದೆ. ಪುಲಾವು, ಸಿಹಿ, ಎಲ್ಲ ಅದೆ."

"ಹಂಗಾರೆ ಆತು."

ಊಟ ಇದೆಯೆಂದ ಮೇಲೆ ಕಮಲಿಗೆ ಕೇಳುವುದು ಬೇರೇನೂ ಉಳಿಯಲಿಲ್ಲ. ಮನೆಗೇ ಹೋಗಿ ಕರೆದವರನ್ನು ಬಾಗಿಲಲ್ಲಿ ತಡೆದು ದುಡ್ಡು ಕೇಳುವ ಕಾರ್ಯಕ್ರಮವೊಂದು ಈ ಭೂಮಿಯ ಮೇಲೆ ಇದೆಯೆಂದು ಅವಳಿಗೆ ಹೊಳೆಯುವುದಾದರೂ ಹೇಗೆ? ನಿತೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಭಂಡ.

ಕಮಲಿ ಮೀನು ಮಾರುವುದನ್ನು ಬಿಟ್ಟು ಊರು ಸುತ್ತಿದಳು. "ನನ್ನ ಅಣ್ಣನ ಮಗಂದು ಕಾರ್ಯಕ್ರಮ, ಮನೆಮಂದಿಯೆಲ್ಲ ಬರಬೇಕು," ಎಂದು ಜಗಲಿ ಜಗಲಿಯಲ್ಲಿ ಹೇಳಿದಳು. ಕಣ್ಣು ಸರಿಯಾಗಿ ಕಾಣದ ಬೊಮ್ಮಜ್ಜಿಯನ್ನೂ ಬಿಡದೆ, "ನೀ ಬಂದು ಉಂಡ್ರೆ ಸಾಕು," ಎಂದು ಕರೆದಳು. ಅಜ್ಜಿಗೆ ಬೆಳೆಸಲು ಯಾವ ವ್ಯಾಪಾರವೂ ಇರಲಿಲ್ಲ, ಆದರೆ ಒಂದು ಮನೆಯಲ್ಲಿ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದು ಕಮಲಿಯ ಕ್ರಮವಲ್ಲ.

ಆ ಭಾನುವಾರ ಕಾಗಾಲದಿಂದ ಟೆಂಪೋಗಳು ತುಂಬಿ ಹೊರಟವು. ಪೆಟ್ಟಿಗೆಯ ಸೀರೆಗಳು ಹೊರಬಂದಿದ್ದವು, ತಲೆಯಲ್ಲಿ ಅಬ್ಬಲಿಗೆ ಹೂ. ಕಮಲಿ ಮದುವೆ ದಿಬ್ಬಣ ಹೊರಡಿಸಿದವಳ ಠೀವಿಯಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಳು.

ಕುಮಟೆಯ ಸಭಾಭವನದ ಬಾಗಿಲಲ್ಲಿ ಅಡ್ಡಲಾಗಿ ಮೇಜು ಇಟ್ಟಿದ್ದರು. ಪನ್ನೀರು, ಸಕ್ಕರೆ ಇರಬಹುದೆಂದುಕೊಂಡು ಕಮಲಿ ಮುಂದೆ ಹೋದಳು. ಮೇಜಿನ ಮೇಲೆ ಫೋನಿನಲ್ಲಿ ಸ್ಕ್ಯಾನ್ ಮಾಡುವ ಫಲಕ ನಿಂತಿತ್ತು. ಹಿಂದೆ ಕೂತಿದ್ದ ಹುಡುಗಿ ತಲೆ ಎತ್ತದೆ, "ಒಬ್ಬರಿಗೆ ಐನೂರು. ಕ್ಯಾಶಾ, ಸ್ಕ್ಯಾನಾ?" ಎಂದಳು.

ಕಮಲಿ ಹಿಂದೆ ನಿಂತವರತ್ತ ಕೈ ತೋರಿಸಿದಳು. "ತಂಗಿ, ಇವ್ರನ್ನ ನಾ ಕರೆದದ್ದು," ಎಂದಳು.

"ಹೌದು ಅಮ್ಮ, ಗೊತ್ತು. ನಿಮಗೆ ಫ್ರೀ. ಅವರಿಗೆ ಐನೂರು."

ಕಮಲಿ ನಿತೇಶನನ್ನು ಹುಡುಕಿದಳು. ಅವನು ದೂರದಲ್ಲಿ ನಿಂತು, ಕರೆಯೇ ಬರದ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಜನ ಬಯ್ಯಲಿ, ತನ್ನ ಮುಖಕ್ಕೆ ಉಗಿದು ಟೆಂಪೋ ಹತ್ತಿ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಯಾರೂ ಬಯ್ಯಲಿಲ್ಲ. ಹಪ್ಪಳದ ಉಮಾ ಗಂಡನ ಕಡೆ ಒಮ್ಮೆ ನೋಡಿ ಪರ್ಸು ತೆಗೆದಳು. ಅವಳ ಹಿಂದಿನವರು ಫೋನು ತೆಗೆದರು. ಬೊಮ್ಮಜ್ಜಿ ಸೆರಗಿನ ಗಂಟು ಬಿಚ್ಚಿ ತಡಕಾಡಿದಳು. ಸಾಲದೇ ಹೋದದ್ದನ್ನು ಪಕ್ಕದವರು ಸೇರಿಸಿದರು. ಕಮಲಿ ಕರೆದಿದ್ದಾಳೆ, ಬಾಗಿಲಿನಿಂದ ತಿರುಗಿ ಹೋದರೆ ಅವಳ ಮರ್ಯಾದೆ ಹೋಗುತ್ತದೆ ಎಂದು ಒಬ್ಬೊಬ್ಬರೂ ಕೊಟ್ಟರು. ಕೊಡುವಾಗ ಅವಳ ಮುಖ ಮಾತ್ರ ನೋಡಲಿಲ್ಲ.

"ಬ್ಯಾಡ್ರೇ, ಮನೆಗೆ ಹೋಗ್ವ," ಎಂದು ಕಮಲಿ ಉಮಾಳ ಕೈ ಹಿಡಿದಳು.

"ಸುಮ್ನಿರು ಕಮಲಕ್ಕ. ಬಂದಾತಲ, ಈಗೆಂತ ಮಾಡುದು," ಎಂದು ಉಮಾ ಮೆಲ್ಲಗೆ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಅಷ್ಟಕ್ಕೇ ಮುಗಿದಿದ್ದರೆ ಕಮಲಿ ಹೇಗೋ ಸಹಿಸುತ್ತಿದ್ದಳು. ಸುಧಾಕರ ಸರ್ ಅವಳನ್ನು ವೇದಿಕೆಗೆ ಕರೆಸಿ ಶಾಲು ಹೊದೆಸಿದರು. "ನೋಡಿ, ಇವತ್ತಿನ ನಿಜವಾದ ಪಾಠ ಇವರೇ," ಎಂದು ಮೈಕಿನಲ್ಲಿ ನಗುತ್ತ ಹೇಳಿದರು. "ಬ್ಯಾನರ್‌ಗೆ ಜನ ಬರಲ್ಲ. ಪುಕ್ಕಟೆ ಅಂದರೆ ಬರ್ತಾರೆ, ದುಡ್ಡು ಬಿಚ್ಚಲ್ಲ. ದುಡ್ಡು ಕೊಡುವ ಗಿರಾಕಿ ಬೇಕಾದರೆ, ಜನ ಯಾರಿಗೆ ಇಲ್ಲ ಅನ್ನೋಕಾಗಲ್ವೋ ಅಂಥವರಿಂದ ಕರೆಸಿ. ಇಲ್ಲಿ ಕೂತಿರುವ ಒಬ್ಬರಾದರೂ ವಾಪಸ್ ಹೋದಿರಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಗಾಲದವರೂ ತಟ್ಟಿದರು. ಕಮಲಿ ಅಷ್ಟು ಜನರ ಎದುರು ಶಾಲು ಹೊದ್ದು ನಿಂತಿದ್ದಳು. ತಾನು ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ಈ ಮನುಷ್ಯ ತನ್ನ ಕೈಯಿಂದಲೇ ಮಾರಿಸಿದನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಊಟಕ್ಕೆ ಪುಲಾವಿನ ಡಬ್ಬಿ ಹಂಚಿದರು, ಅವಳು ಮುಟ್ಟಲಿಲ್ಲ.

ಮರುದಿನ ಹೊನ್ನಾವರಕ್ಕೆ ಹೋಗಿ ನಿತೇಶನನ್ನು ಬೀದಿಯಲ್ಲೇ ನಿಲ್ಲಿಸಿ ಬಯ್ದಳು. ದುಡ್ಡು ತಿರುಗಿ ಕೊಡುವ ಪದ್ಧತಿ ಕಂಪನಿಯಲ್ಲಿ ಇಲ್ಲವೆಂದು ಅವನು ಗೊಣಗಿದ. ಊರಿನವರಾರೂ ಆ ಮಾತನ್ನು ಎತ್ತಲಿಲ್ಲ. ಬೆಳಿಗ್ಗೆ ಬುಟ್ಟಿ ಇಳಿಸಿದರೆ ಎಂದಿನಂತೆ ಮೀನು ಆರಿಸಿದರು, ಚೌಕಾಸಿ ಮಾಡಿದರು, ನಕ್ಕರು. ಎಲ್ಲ ಮರೆತರೆಂದು ಕಮಲಿ ನಿಧಾನವಾಗಿ ನಂಬತೊಡಗಿದಳು.

ಮಳೆಗಾಲ ಕಳೆದ ಮೇಲೆ ಮಗಳು ಧನ್ಯಶ್ರೀಗೆ ಸಂಬಂಧ ಕೂಡಿಬಂತು. ಊರೆಲ್ಲರ ಮದುವೆಗೆ ಕರೆದವಳು ತನ್ನ ಮನೆಯ ಮದುವೆಗೆ ಕರೆಯಲು ಹೊರಟಳು. ಹಿರಿಯಳೆಂದು ಮೊದಲು ಬೊಮ್ಮಜ್ಜಿಯ ಮನೆಗೇ ಹೋದಳು. ಅಜ್ಜಿ ಚಾಪೆ ಹಾಸಿದಳು, ಕುಂಕುಮ ಹಚ್ಚಿಕೊಂಡಳು, ಹುಡುಗ ಎಲ್ಲಿಯವನು, ಎಂತ ಕೆಲಸ ಎಂದು ಸಂತೋಷದಿಂದ ವಿಚಾರಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಕಮಲೀ, ಬಾಗಿಲಲ್ಲಿ ಎಷ್ಟು ಕೊಡಬೇಕೆ? ಮೊದಲೇ ಹೇಳಿದ್ರೆ ನಾ ಒಟ್ಟು ಮಾಡಿ ಇಟ್ಕಂತೆ."

ಅಜ್ಜಿಯ ಮುಖದಲ್ಲಿ ಚುಚ್ಚುವ ಭಾವವೇ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಕಮಲಿ ಅವಳ ಕೈ ಹಿಡಿದುಕೊಂಡಳು.

"ಎಂತದೂ ಬ್ಯಾಡ ಅಜ್ಜಿ. ನೀ ಬಂದು ಉಂಡ್ರೆ ಸಾಕು."

"ಆವತ್ತೂ ನೀ ಹಂಗೇ ಹೇಳಿದ್ದೆ, ಮಗಾ," ಎಂದಳು ಬೊಮ್ಮಜ್ಜಿ.