ಬಾಗಿಲು ಹಾಕಲು ಬಾರದ ಅತ್ತೆ

ಬೆಳಿಗ್ಗೆಯಿಂದ ಅಪ್ಪ ಒಂದೇ ಕುರ್ಚಿಯನ್ನು ನಾಲ್ಕು ಸಲ ಎತ್ತಿಟ್ಟಿದ್ದಾನೆ. ಕಿಟಕಿಯ ಹತ್ತಿರ ಇಟ್ಟರೆ ಬಿಸಿಲು, ಫ್ಯಾನಿನ ಕೆಳಗಿಟ್ಟರೆ ಗಾಳಿ ಜಾಸ್ತಿ. ಶಿರಸಿಯ ನಮ್ಮ ಈ ಪುಟ್ಟ ಮನೆಯಲ್ಲಿ ಕುರ್ಚಿ ಇಡಲು ಇರುವುದೇ ಎರಡು ಜಾಗ. ಅವನು ಮೂರನೆಯದನ್ನು ಹುಡುಕುತ್ತಿದ್ದಾನೆ. ನೋಡಿ ನೋಡಿ ನನಗೆ ತಲೆ ಕೆಟ್ಟುಹೋಗಿದೆ. ಆದರೂ ಸುಮ್ಮನಿದ್ದೇನೆ. ಯಾಕೆ ಎಂದು ನಿಮಗೆ ಹೇಳಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಪ್ರತಿಯೊಬ್ಬರೂ ಐದು ನಿಮಿಷದ ಕಿರುಚಿತ್ರ ಮಾಡಬೇಕು, ಅದೂ ಮನೆಯಲ್ಲೇ ಮಾಡಬೇಕು ಎಂದು ಮೇಷ್ಟ್ರು ಹೇಳಿದ್ದರು. ನನ್ನ ಮೊದಲ ಕತೆ ಓದಿ, ಇದು ಸೋಪಿನ ಜಾಹೀರಾತಿನ ಹಾಗಿದೆಯಲ್ಲ ಎಂದು ಇಡೀ ತರಗತಿಯ ಎದುರು ನಕ್ಕರು. ಆ ನಗುವಿಗೆ ಉತ್ತರ ಕೊಡಲೇಬೇಕೆಂಬ ಹಟದಲ್ಲಿ ಎರಡನೆಯದನ್ನು ಬರೆದೆ. ವರ್ಷಗಟ್ಟಲೆ ಮುನಿಸಿಕೊಂಡಿದ್ದ ತಮ್ಮ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, "ಅಕ್ಕಾ" ಎನ್ನುತ್ತಾನೆ. ಅಕ್ಕ ಸುಮ್ಮನೆ ನೋಡಿ ಬಾಗಿಲು ಹಾಕುತ್ತಾಳೆ. ಆ ಮೌನವೇ ಚಿತ್ರದ ಜೀವ ಎಂದು ಸಿಕ್ಕವರಿಗೆಲ್ಲ ಭಾಷಣ ಬಿಗಿದೆ. ದುಪಟ್ಟಾವನ್ನು ನಿರ್ದೇಶಕರ ಹಾಗೆ ಕುತ್ತಿಗೆಗೆ ಸುತ್ತಿಕೊಂಡು ಓಡಾಡುತ್ತಿದ್ದೆ ಕೂಡ, ನಗಬೇಡಿ.

ಅಕ್ಕನ ಪಾತ್ರಕ್ಕೆ ಆರಿಸಿದ್ದು ನನ್ನ ಸೋದರತ್ತೆ ನಾಗವೇಣಿಯನ್ನು. ಯಲ್ಲಾಪುರದಲ್ಲಿ ಒಬ್ಬಳೇ ಮನೆ ಮಾಡಿಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಹಾಗೆ ಒಬ್ಬಳೇ ಹೋಗಿದ್ದು ಅವಳ ಅಣ್ಣನಿಗೆ, ಅಂದರೆ ನನ್ನ ಅಪ್ಪನಿಗೆ, ಸರಿ ಬಂದಿರಲಿಲ್ಲ. ಮದುವೆಮನೆಯಲ್ಲಿ ಎದುರಾದರೆ ಊಟವಾಯಿತಾ ಎನ್ನುವಷ್ಟೇ ಮಾತು. ಅದೆಲ್ಲ ನನಗೆ ಗೊತ್ತಿತ್ತು, ಆದರೆ ನನಗೆ ಬೇಕಾಗಿದ್ದದ್ದು ಅವಳ ಮನೆಯ ಹಳೆಯ ಹಸಿರು ಬಾಗಿಲು. ನಮ್ಮದು ಪ್ಲೈವುಡ್ಡಿನದು, ಹಾಕಿದರೆ ಸದ್ದೇ ಬರುವುದಿಲ್ಲ.

ಸ್ಟುಡಿಯೋದವರಿಂದ ಬೇಡಿ ತಂದ ಕ್ಯಾಮೆರಾ ಸಂಜೆಯ ಬಸ್ಸಿಗೆ ವಾಪಸು ಹೋಗಬೇಕಿತ್ತು. ತಮ್ಮನಾಗಿ ನಿಂತವನು ಸಿದ್ದಾಪುರದ ಕಡೆಯ ಸಹಪಾಠಿ ರಾಘು. "ಅಕ್ಕಾ" ಎಂದ. ಅತ್ತೆ ನಾನು ಹೇಳಿಕೊಟ್ಟಂತೆ ಗಂಭೀರವಾಗಿ ಅವನನ್ನು ನೋಡಿ, "ಬಂದ್ಯಾ? ಆಸ್ರಿಗೆ ಎಂತ ಕೊಡ್ಲಿ?" ಎಂದಳು.

ನಮ್ಮ ಕಡೆ ಯಾರು ಬಂದರೂ ಮೊದಲು ಆಸ್ರಿಗೆ, ಅಂದರೆ ಕುಡಿಯಲಿಕ್ಕೆ, ಏನು ಬೇಕೆಂದು ಕೇಳುತ್ತಾರೆ. ಅದನ್ನು ಯೋಚಿಸಿ ಕೇಳುವುದಿಲ್ಲ, ಸೀನು ಬಂದ ಹಾಗೆ ಬಂದುಬಿಡುತ್ತದೆ. ಎರಡನೆಯ ಸಲ ಅತ್ತೆ ತುಟಿ ಬಿಗಿಹಿಡಿದು ಕಣ್ಣಲ್ಲೇ ಕೇಳಿದಳು. ಆ ಪುಣ್ಯಾತ್ಮ ರಾಘು ಮಜ್ಜಿಗೆ ಸಾಕು ಎಂದುಬಿಟ್ಟ. ಮೂರನೆಯ ಸಲ ಬಾಗಿಲೇನೋ ಹಾಕಿದಳು, ಹಾಕಿಕೊಂಡು ಒಳಗಿನಿಂದ ಕೇಳಿದಳು. ಏಳನೆಯ ಸಲಕ್ಕೆ ನಾನು ಕಿರುಚಿದೆ. ನಿನಗೆ ಅವನ ಮೇಲೆ ಸಿಟ್ಟಿದೆ ಅತ್ತೆ, ಒಂದೇ ಒಂದು ನಿಮಿಷ ಸುಮ್ಮನಿರಲಿಕ್ಕೆ ಏನು ಕಷ್ಟ ಎಂದೆ. ಬ್ಯಾಟರಿ ಬೇರೆ ಕೆಂಪಗೆ ಮಿನುಗುತ್ತಿತ್ತು.

"ಎನ್ನ ಬಾಯಿ ಎನ್ನ ಮಾತು ಕೇಳ್ತಿಲ್ಲೆ ಕೂಸೇ" ಎಂದು ಅವಳು ಮೆಟ್ಟಿಲ ಮೇಲೆ ಕೂತಳು. "ಸಿಟ್ಟಿದ್ರೂ ಆಸ್ರಿಗೆ ಕೊಡ್ತ. ಕೂತ್ಗ ಹೇಳಿ ಹೇಳ್ತ್ವಿಲ್ಲೆ, ಅಷ್ಟೇಯ" ಎಂದಳು. ಅಂದರೆ, ಕುಡಿಯಲು ಕೊಟ್ಟರೂ ಕೂತುಕೋ ಎನ್ನುವುದಿಲ್ಲ.

ಮತ್ತೆ ನನ್ನನ್ನು ಕೇಳದೆ ತಾನೇ ಮಾಡಿ ತೋರಿಸಿದಳು. ಒಳಗಿನಿಂದ ಬೆಲ್ಲ, ನೀರು ತಂದು ಹೊಸಿಲಿನಿಂದಲೇ ಕೊಟ್ಟಳು. ರಾಘು ನಿಂತೇ ಕುಡಿದ. ಲೋಟ ವಾಪಸು ತೆಗೆದುಕೊಂಡು ಬಾಗಿಲು ಹಾಕಿದಳು. ಬ್ಯಾಟರಿ ಮುಗಿಯುವುದರೊಳಗೆ ಅಷ್ಟನ್ನೂ ಚಿತ್ರಿಸಿಕೊಂಡೆ. ಇದನ್ನೆಲ್ಲ ಎಲ್ಲಿ ನೋಡಿದೆ ಎಂದು ಕ್ಯಾಮೆರಾ ಚೀಲಕ್ಕೆ ತುರುಕುತ್ತ ಕೇಳಿದೆ.

"ನಿಂಗ್ಳ ಮನೆಲಿ" ಎಂದಳು.

ಯಲ್ಲಾಪುರಕ್ಕೆ ಹೊರಟ ದಿನ ಹೇಳಿ ಹೋಗಲು ನಮ್ಮ ಮನೆಗೆ ಬಂದಿದ್ದಳಂತೆ. ಅಪ್ಪ ಬೆಲ್ಲ, ನೀರು ಕೊಟ್ಟನಂತೆ. ಅವಳು ನಿಂತೇ ಕುಡಿದಳಂತೆ.

ಮೇಷ್ಟ್ರು ಚಿತ್ರವನ್ನು ಬಾಯ್ತುಂಬ ಹೊಗಳಿದರು. ಅಷ್ಟು ಹಟ ಹಿಡಿದು ಗಳಿಸಿದ ಹೊಗಳಿಕೆ ನನಗೆ ರುಚಿಸಲಿಲ್ಲ. ಅಪ್ಪನಿಗೆ ತೋರಿಸುವ ಧೈರ್ಯವೂ ಬರಲಿಲ್ಲ. ಕೇಳಿದಾಗಲೆಲ್ಲ ಫೈಲು ಹಾಳಾಗಿದೆ ಎಂದೆ. ಅಣ್ಣ ತಂಗಿಯ ಬಿಗುಮಾನಕ್ಕೆ ಆರು ವರ್ಷ ಬೈದುಕೊಂಡೆನಲ್ಲ, ನಾನೇನು ಕಡಿಮೆ? ಹೋದ ಭಾನುವಾರ ಮಧ್ಯಾಹ್ನ ಫೈಲು ಕಣ್ಣಿಗೆ ಬಿದ್ದಾಗ ನನ್ನ ಮೇಲೇ ರೇಗಿಹೋಯಿತು. ಅಪ್ಪನನ್ನು ಕರೆದು ಕೂರಿಸಿ ತೋರಿಸಿದೆ. ಮುಗಿದ ಮೇಲೆ, ಇದು ನೀನು ಬರೆದದ್ದಾ ಎಂದು ಕೇಳಿದ. ಅಲ್ಲ, ಅತ್ತೆ ಹೇಳಿಕೊಟ್ಟದ್ದು ಎಂದೆ. ಎದ್ದು ಹೋದ. ಮರುದಿನ ಫೋನಿನಲ್ಲಿ ಯಾರಿಗೋ ಯಲ್ಲಾಪುರದ ಬಸ್ಸಿನ ಹೊತ್ತು ಹೇಳುತ್ತಿದ್ದ.

ಇಷ್ಟು ಬರೆಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಪ್ಪ "ಕೂತ್ಗ" ಎಂದ. ಒಳಗೆ ಬಂದಳು, "ಕೂತ್ಗ" ಎಂದ. ಕೂತ ಮೇಲೂ ಅದನ್ನೇ ಹೇಳಿದ. ಈ ಮನುಷ್ಯನಿಗೆ ಒಂದು ನೆನಪಾದರೆ ಇನ್ನೊಂದು ಮರೆಯುತ್ತದೆ.

"ಆಸ್ರಿಗೆ ಕೇಳ್ತಿಲ್ಯ ಅಣ್ಣ?" ಎಂದಳು ಅತ್ತೆ.

ನಾನು ಏಳಹೋದರೆ ಅಪ್ಪ ಕೈಸನ್ನೆಯಲ್ಲೇ ತಡೆದು ತಾನೇ ಒಳಗೆ ಹೋಗಿ ಬೆಲ್ಲ, ನೀರು ತಂದ. ಅತ್ತೆ ಕೂತು ಕುಡಿದಳು. ಲೋಟಕ್ಕೆ ಕೈ ಚಾಚಿಕೊಂಡು ಅವನು ಎದುರಿಗೇ ನಿಂತಿದ್ದ. ಬೆಳಿಗ್ಗೆಯಿಂದ ಅಷ್ಟು ಎತ್ತಿಟ್ಟವನು ತನಗೆಂದು ಒಂದು ಕುರ್ಚಿ ಹಾಕಿಕೊಂಡಿರಲಿಲ್ಲ.

ಅತ್ತೆ ಲೋಟ ಕೊಡಲಿಲ್ಲ. "ನೀನೂ ಕೂತ್ಗ" ಎಂದಳು.