ಮಾಸ್ತಿಕಲ್ಲಿನ ತಾಯಿಯ ಹೆಸರು

ಯಾರನ್ನೂ ಸುಲಭಕ್ಕೆ ನಂಬುವ ಜಾತಿಯವಳಲ್ಲ ನಾನು. ಹಾಲಿನವಳು ಅಳೆಯುವಾಗ ಅವಳ ಹೆಬ್ಬೆರಳು ಪಾವಿನೊಳಗೆ ಎಷ್ಟು ಇಳಿದಿದೆ ಎಂದು ನೋಡುತ್ತೇನೆ. ಹೊಟ್ಟೆನೋವೆಂದು ರಜೆ ಕೇಳುವ ಮಕ್ಕಳಿಂದ ನಾಲಿಗೆ ಚಾಚಿಸುತ್ತೇನೆ. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದರೆ ಯಾರಿಗಾದರೂ ಹೀಗಾಗುತ್ತದೆ ಎನ್ನಬಹುದು, ಆದರೆ ಕೆಲಸಕ್ಕೆ ಸೇರುವ ಮೊದಲೂ ನಾನು ಹೀಗೇ ಇದ್ದೆ. ಈ ಗುಣದಿಂದ ನನಗೆ ಒಳ್ಳೆಯದೇ ಹೆಚ್ಚು ಆಗಿದೆ. ಒಂದು ಸಲ ಮಾತ್ರ ಆಗಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಕೆ.ಆರ್. ನಗರದ ಕಡೆಯಿಂದ ಪಿರಿಯಾಪಟ್ಟಣದ ಕೋಟೆ ಬೀದಿಗೆ ಸೊಸೆಯಾಗಿ ಬಂದು ಆರೇಳು ವರ್ಷವಾಗಿತ್ತು. ಕೋಟೆ ಎಂದರೆ ಒಂದಷ್ಟು ಮಣ್ಣಿನ ದಿಬ್ಬ, ಜೊಂಡು ಬೆಳೆದ ಕಂದಕ, ಅಷ್ಟೆ. ಕೆತ್ತಿದ ಕಲ್ಲುಗಳು ಮಾತ್ರ ಹೆಜ್ಜೆಗೊಂದು ಸಿಗುತ್ತಿದ್ದವು. ಒಂದು ವೀರಗಲ್ಲನ್ನು ಮಕಾಡೆ ಹಾಕಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇನ್ನೊಂದು ಹಿಟ್ಟಿನ ಗಿರಣಿಗೆ ಮೆಟ್ಟಿಲಾಗಿತ್ತು. ಅದರಲ್ಲಿದ್ದ ಕುದುರೆ ಸವಾರನ ಮುಖ ತುಳಿದು ತುಳಿದು ನುಣ್ಣಗಾಗಿತ್ತು. ನಮ್ಮ ಮನೆಯ ಮೂಲೆಗೆ ಇದ್ದದ್ದು ಮಾಸ್ತಿಕಲ್ಲು. ಗಂಡನ ಹಿಂದೆ ಬೆಂಕಿಗೆ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಬಳೆ ತೊಟ್ಟ ಕೈಯೊಂದು ಮೇಲಕ್ಕೆ ಚಾಚಿಕೊಂಡಿತ್ತು, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಕೆಳಗೆ ಮೂರು ಸಾಲು ಹಳೆಯ ಕಾಲದ ಅಕ್ಷರ, ಪಾಠ ಹೇಳುವ ನನಗೂ ಓದಲು ಬರದು. ಮೂರನೆಯದು ಮಣ್ಣಿನಲ್ಲಿ ಹೂತಿತ್ತು.

ಅತ್ತೆ ಪ್ರತಿ ಸೋಮವಾರ ಅದನ್ನು ತೊಳೆದು ಎಣ್ಣೆ ಸವರುತ್ತಿದ್ದರು. ಗಂಡ ಸತ್ತ ಮೇಲೆ ಅವರು ಕುಂಕುಮ ಮುಟ್ಟುತ್ತಿರಲಿಲ್ಲ, ಹಾಗಾಗಿ ಕಲ್ಲಿಗೆ ಕುಂಕುಮ ಇಡುವುದು ನನ್ನ ಪಾಲಿಗೆ ಬಂದಿತ್ತು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು ಧೂಪ ಹಾಕುವಾಗ ನಮ್ಮ ಮನೆಯಲ್ಲಿ ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವ ಪದ್ಧತಿ. ಮಾವ, ಮಾವನ ಅಪ್ಪ, ಅಜ್ಜಿ, ಎಲ್ಲರ ಹೆಸರೂ ಆಗುತ್ತಿತ್ತು. ಮಾಸ್ತಿಕಲ್ಲಿನವಳಿಗೂ ಒಂದು ಎಲೆ ಇಡುತ್ತಿದ್ದೆವು, ಅದರ ಮುಂದೆ ಬಂದಾಗ ಅತ್ತೆಯ ಬಾಯಿ ಕಟ್ಟುತ್ತಿತ್ತು.

"ಎಸ್ರಿಲ್ದೆ 'ಏ ಬಾರವ್ವ' ಅಂದ್ರೆ ಯಾರ್ ಬತ್ತಾರೆ ಯೋಳು? ನಾನಾದ್ರೂ ಬರಾಕಿಲ್ಲ," ಎನ್ನುತ್ತಿದ್ದರು. "ಸಾಯೋದ್ರೊಳಗೆ ಅವಳ ಎಸ್ರೊಂದ್ ತಿಳ್ಕಬೇಕು ಕಣವ್ವ." ವರ್ಷ ವರ್ಷವೂ ಇದೇ ಮಾತು. ನಾನು ನಗುತ್ತಿದ್ದೆ.

ಆ ವರ್ಷ ಬೇಸಿಗೆಗೆ ಮೊದಲು ಒಬ್ಬ ಮನುಷ್ಯ ಬೀದಿಗೆ ಬರಲು ಶುರು ಮಾಡಿದ. ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಟೇಪು. ಕಲ್ಲುಗಳನ್ನು ಅಳೆಯುತ್ತಿದ್ದ, ಬರೆದುಕೊಳ್ಳುತ್ತಿದ್ದ, ಯಾವ ಕಲ್ಲು ಎಷ್ಟು ಆಳ ಇದೆ ಎಂದು ಕೇಳುತ್ತಿದ್ದ. ಆಳ ಕಟ್ಟಿಕೊಂಡು ಇವನಿಗೇನು ಎಂದು ನನಗೆ ಅಂದೇ ಅನಿಸಿತು. ಅಂತರಸಂತೆ ಕಡೆ ಒಂದು ಕಲ್ಲನ್ನು ಉರುಳಿಸಿ ನಿಧಿಗಾಗಿ ಗುಂಡಿ ತೋಡಿದ್ದಾರೆಂಬ ಸುದ್ದಿ ಸಂತೆಯಿಂದ ಸಂತೆಗೆ ಬಂದು ನಮ್ಮ ಬೀದಿಯನ್ನೂ ಮುಟ್ಟಿತ್ತು. ಇಂಥವರು ಮೊದಲು ಓದಿದವರ ವೇಷದಲ್ಲೇ ಬರುತ್ತಾರೆ ಎಂದು ಗಿರಣಿಯವರು ಹೇಳಿದರು. ನಾನು ತಲೆಯಾಡಿಸಿದ್ದಲ್ಲದೆ ಇನ್ನೂ ನಾಲ್ಕು ಮನೆಗೆ ಹೋಗಿ ಹೇಳಿಬಂದೆ. ಅತ್ತೆಗೆ ಮಾತ್ರ ಹೇಳಲಿಲ್ಲ, ಹೆದರಿಕೊಂಡಾರು ಎಂದು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುತ್ತೇನೆ, ಮಾಸ್ತಿಕಲ್ಲಿನ ಬುಡ ಅಗೆದಿದೆ! ಹಸಿ ಮಣ್ಣು ಗುಡ್ಡೆ ಬಿದ್ದಿದೆ. ಆ ಮನುಷ್ಯ ಮಂಡಿಯೂರಿ ಕೂತು, ಕಲ್ಲಿಗೆ ಒದ್ದೆ ಕಾಗದ ಅಂಟಿಸಿ ಅದರ ಮೇಲೆ ಕರೀ ಮಸಿ ಒತ್ತುತ್ತಿದ್ದಾನೆ. ನನಗೆ ಮೈ ಉರಿದುಹೋಯಿತು. ಮಾಟವೋ ಮಂತ್ರವೋ ನೋಡಲು ನಿಲ್ಲಲಿಲ್ಲ. ಕಾಗದದ ಅಂಚು ಹಿಡಿದು ಎಳೆದೆ. ಒದ್ದೆ ಕಾಗದ, ಮೂರು ತುಂಡಾಗಿ ಕೈಗೆ ಬಂತು.

"ಮೇಡಮ್, ಏನ್ ಮಾಡಿದ್ರಿ! ಅಕ್ಷರದ ಅಚ್ಚು ತೆಗೀತಿದ್ದೆ. ಹೆಸರಿನ ಸಾಲು ಈಗಷ್ಟೇ ಓದಿದ್ದೆ..."

"ಬಾಯಿ ಮುಚ್ರಿ. ಯಾರನ್ನ ಕೇಳಿ ಅಗೆದಿರಿ?"

ಆತ ಮನೆಯ ಬಾಗಿಲ ಕಡೆ ಕೈ ತೋರಿಸಿದ. ನಾನು ನೋಡಲೂ ಇಲ್ಲ. ನನ್ನ ಗಂಟಲು ಶಾಲೆಯಲ್ಲಿ ಪಳಗಿದ್ದು, ನಿಮಿಷದಲ್ಲಿ ಬೀದಿಯೇ ಸೇರಿತು. ಚೀಲ ತಡಕಿದರು. ಬ್ರಷ್ಷು, ಮಸಿ ಡಬ್ಬಿ, ಬುತ್ತಿ, ಇಷ್ಟೇ ಇದ್ದದ್ದು. ಆದರೂ ಬಿಡಲಿಲ್ಲ, ನಾಲ್ಕು ಜನ ರಟ್ಟೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆಸಿಕೊಂಡು ಹೋದರು.

ಆಗ ಅತ್ತೆ ಹಿತ್ತಲಿನಿಂದ ಬಂದರು. ಒಂದು ಕೈಯಲ್ಲಿ ಮಜ್ಜಿಗೆಯ ಚೊಂಬು, ಇನ್ನೊಂದರಲ್ಲಿ ಬೆಲ್ಲ. ಕೈಗೆ ಮೊಣಕೈವರೆಗೂ ಮಣ್ಣು ಮೆತ್ತಿತ್ತು.

"ಎಲ್ಲವ್ವ ಆ ಮೇಷ್ಟ್ರು?"

ನಾನು ಹೇಳಿದೆ. ಅವರು ಚೊಂಬನ್ನು ಜಗಲಿಯ ಮೇಲೆ ಕುಕ್ಕಿದರು.

"ಅಯ್ಯೋ, ಅಗ್ದಿದ್ದು ನಾನು ಕಣವ್ವ! ಮೂರ್ನೇ ಸಾಲಲ್ಲಿ ಅವಳ ಎಸ್ರದೆ ಅಂದ್ರು. ನಾನೇ ಗುದ್ದಲಿ ತಂದು ಅಗ್ದುಕೊಟ್ಟೆ. ಓಗು, ಓಡು, ಕರ್ಕಂಬಾ!"

ನಾನು ಹೋದೆ. ಓಡಲಿಲ್ಲ. ಈಗ ಬೀದಿಯವರ ಮುಂದೆ ತಪ್ಪಾಯಿತೆಂದು ಹೇಗೆ ಹೇಳುವುದು ಎಂದು ಲೆಕ್ಕ ಹಾಕುತ್ತಾ, ಕಾಲೆಳೆಯುತ್ತಾ ಹೋದೆ. ಬಸ್ಸು ಬಿಟ್ಟಾಗಿತ್ತು. ಆತನ ಊರೂ ಯಾರಿಗೂ ಗೊತ್ತಿರಲಿಲ್ಲ. ಆ ನಿಧಾನಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಳೆಗಾಲಕ್ಕೆ ಮೊದಲು ಚರಂಡಿ ಕೆಲಸ ಬಂತು. ಬುಡ ಸಡಿಲವಾಗಿದ್ದ ಕಲ್ಲನ್ನು ಕೂಲಿಯವರು ಹಾರೆ ಹಾಕಿ ಮೀಟಿದಾಗ ಅಕ್ಷರಗಳಿದ್ದ ಭಾಗ ಮುರಿಯಿತು. ನಾನು ಶಾಲೆಯಿಂದ, ಅತ್ತೆಯೂ ಮನೆಯವರೂ ಗದ್ದೆಯಿಂದ ಬರುವಷ್ಟರಲ್ಲಿ ಆ ಚೂರುಗಳು ಕಾಂಕ್ರೀಟಿನ ಅಡಿಗೆ ಹೋಗಿದ್ದವು. ಎತ್ತಿದ ಕೈಯನ್ನು ಮಾತ್ರ ಗೋಡೆಗೆ ಒರಗಿಸಿ ಇಟ್ಟಿದ್ದರು. ಅತ್ತೆ ಅದನ್ನೇ ತೊಳೆದು ಎಣ್ಣೆ ಸವರಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ತರಬೇತಿಗೆಂದು ಹುಣಸೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅದೇ ಕನ್ನಡಕ, ಅದೇ ಚೀಲ. ಹತ್ತಿರ ಹೋಗಿ ಕೈ ಮುಗಿದೆ. ಕಲ್ಲು ಮುರಿದದ್ದನ್ನು ಹೇಳಿ, ಆ ಹೆಸರು ಏನಿತ್ತು ಎಂದು ಕೇಳಿದೆ. ಅವರು ಚೀಲವನ್ನು ಈಚೆಯ ಹೆಗಲಿಂದ ಆಚೆಯ ಹೆಗಲಿಗೆ ಬದಲಾಯಿಸಿಕೊಂಡರು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಯಾಕ್ ಕೇಳ್ತಿದೀರಿ?"

ಎಡೆಯ ವಿಚಾರ ಹೇಳಿದೆ. ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

"ನೆನಪಿಲ್ಲ," ಎಂದು ಬಸ್ಸು ಹತ್ತಿಬಿಟ್ಟರು. ಬಾಯಿಗೆ ಬಂದದ್ದನ್ನು ನುಂಗಿಕೊಂಡರೆಂದು ನನಗೆ ಇಂದಿಗೂ ಅನುಮಾನ.

ಊರಿಗೆ ಬಂದಾಗ ಅತ್ತೆ ಹಾಸಿಗೆಯಲ್ಲಿದ್ದರು. ಕಲ್ಲು ಮುರಿದ ಆ ಮಳೆಗಾಲದಿಂದ ಎದ್ದು ಓಡಾಡುವುದು ಕಡಿಮೆಯಾಗಿತ್ತು. ಆ ಮೇಷ್ಟ್ರು ಸಿಕ್ಕಿದ್ದನ್ನು ತಡೆಯಲಾರದೆ ಹೇಳಿಬಿಟ್ಟೆ. ಅವರು ಗೋಡೆ ಹಿಡಿದು ಎದ್ದು ಕೂತರು.

"ಏನಂತೆ ಎಸ್ರು?"

ನನ್ನ ಬಾಯಿಗೆ ಒಂದು ಹೆಸರು ಬಂತು. ಎಲ್ಲಿಂದ ಬಂತೋ ತಿಳಿಯದು. ಹೇಳಿಬಿಟ್ಟೆ. ಅತ್ತೆ ಅದನ್ನು ಎರಡು ಸಲ ಮೆಲ್ಲಗೆ ಅಂದುಕೊಂಡರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಒಪ್ಪಿದರೋ, ಕಂಡುಹಿಡಿದರೋ, ಹೇಳಲಾರೆ.

ಆ ಪಿತೃಪಕ್ಷದಲ್ಲಿ ಅವರನ್ನು ಎಡೆಯ ಮುಂದೆ ಎತ್ತಿ ಕೂರಿಸಿದೆವು. ಅವರೇ ಧೂಪ ಹಾಕಿ ಆ ಹೆಸರು ಹಿಡಿದು ಕರೆದರು. ಕರೆದು ನನ್ನ ಕಡೆ ತಿರುಗಿದರು.

"ನೀನೂ ಕರಿ ಮಗ. ಕರ್ದು, ತಪ್ಪಾಯ್ತು ತಾಯಿ ಅನ್ನು."

ಕರೆದೆ. ತಪ್ಪಾಯ್ತು ತಾಯಿ ಎಂದೆ. ಅತ್ತೆ ಹೋದ ಮೇಲೂ ಪ್ರತಿ ವರ್ಷ ಅದನ್ನೇ ಹೇಳುತ್ತಾ ಬಂದಿದ್ದೇನೆ. ಹೆಸರು ಸುಳ್ಳು, ತಪ್ಪಾಯ್ತು ಅನ್ನುವುದು ಮಾತ್ರ ನಿಜ.