ಬೇಡವೆಂದ ಬನ್ನಿ

ದಸರಾಕ್ಕೆ ಊರಿಗೆ ಹೋಗಿದ್ದ ನಾನು ಮರಳಿ ಬೈಲಹೊಂಗಲದಲ್ಲಿ ಬಸ್ಸಿಳಿದು, ಚೀಲದ ಸಮೇತ ಕಚೇರಿಯ ಬಾಗಿಲಿಗೆ ಬಂದಾಗ ಶೈಲಾ ಮಲ್ಲೇಶನ ಅಂಗೈಗೆ ಎರಡೂ ಕೈಯಿಂದ ಏನನ್ನೋ ಇಡುತ್ತಿದ್ದಳು.

"ಬಂಗಾರದಂಗ ಇರೋಣ್ರಿ" ಎಂದಳು.

"ಹಂಗ ಇರೋಣ್ರಿ" ಎಂದು ಅವನು ಅದನ್ನು ಕಣ್ಣಿಗೊತ್ತಿಕೊಂಡ. ಕೈಯಲ್ಲಿದ್ದದ್ದು ಒಂದೆಸಳು ಹಸಿರೆಲೆ. ನನ್ನ ಕಾಲುಗಳು ಹೊಸ್ತಿಲಲ್ಲೇ ನಿಂತವು.

ನಾನು ನಂಜನಗೂಡಿನ ಕಡೆಯವನು. ಬೀಜದ ಕಂಪನಿಯೊಂದರ ಕೆಲಸಕ್ಕೆ ಇಲ್ಲಿಗೆ ಬಂದು ಆಗ ಒಂಬತ್ತು ತಿಂಗಳು. ಅದೇ ಕನ್ನಡ, ಆದರೂ ಮೊದಮೊದಲು ಪ್ರತಿ ಮಾತನ್ನೂ ಎರಡು ಸಲ ಕೇಳಿಸಿಕೊಳ್ಳಬೇಕಿತ್ತು. ಬಾಡಿಗೆ ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ನನ್ನ ಖೋಲಿಯಲ್ಲಿ ಭಾನುವಾರಗಳು ಬಹಳ ಉದ್ದವಾಗಿದ್ದವು. ನಮ್ಮಲ್ಲಿ ಮುದ್ದೆಯನ್ನು ನುಂಗಬೇಕು. ಇಲ್ಲಿಯ ಕಟಿ ರೊಟ್ಟಿಯನ್ನು ಮುರಿಯಬೇಕು, ಅಗಿಯಬೇಕು, ಅವಸರ ಕೂಡದು. ಅದನ್ನು ಪಲ್ಯದಲ್ಲಿ ನೆನೆಸಿ ತಿನ್ನಲು ಕಲಿಸಿದವಳು ಶೈಲಾ. ಮೂರನೇ ತಿಂಗಳು ಕಣ್ಣಲ್ಲಿ ನೀರಿಲ್ಲದೆ ಕೆಂಪು ಚಟ್ನಿ ತಿಂದ ದಿನ ಅವಳು ಚಪ್ಪಾಳೆ ತಟ್ಟಿದ್ದಳು.

ಅವಳು ಈ ಊರಿನವಳೇ. ಒದ್ದೆ ಕಾಗದದ ಮೇಲೆ ನೂರು ಕಾಳು ಜೋಡಿಸಿ ಸುತ್ತಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ ಮೊಳಕೆ ಎಣಿಸುವುದು ನಮ್ಮಿಬ್ಬರ ಕೆಲಸ. ಸವದತ್ತಿ, ಕಟಕೋಳದ ಹೊಲಗಳಿಗೂ ಜೊತೆಯಲ್ಲೇ ಹೋಗುತ್ತಿದ್ದೆವು. ಆಮೇಲೆ ಭಾನುವಾರಗಳಂದು ಕಿತ್ತೂರಿಗೆ. ಅಲ್ಲಿ ಹೆದ್ದಾರಿಯ ಚಹಾದಂಗಡಿಯಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಮೊದಲ ಸಲ ಕೈ ಹಿಡಿದಾಗಲೇ ಅವಳು ಹೇಳಿದ್ದಳು: "ನೀವು ವರ್ಷ ತುಂಬೂದ್ರಾಗ ಹೊಂಟ ಹೋಗವ್ರು. ಇದನ್ನ ದೊಡ್ಡದ ಮಾಡೂದು ಬ್ಯಾಡ." ಮೈಸೂರಿಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದ ನನಗೆ ಈ ಕರಾರು ಹಗುರವೆನಿಸಿತ್ತು.

ಹಗುರವಾಗಿ ಉಳಿಯಲಿಲ್ಲ. ಜೀಪು ಓಡಿಸುವ ಮಲ್ಲೇಶ ಸುರೇಬಾನದವನು, ದಾರಿಯುದ್ದಕ್ಕೂ ನಗಿಸುವವನು. ಅವನ ಮಾತಿಗೆ ಅವಳು ಎಷ್ಟು ಸಲ ನಕ್ಕಳು ಎಂಬುದನ್ನು ನಾನು ಮೊಳಕೆಗಳಂತೆ ಎಣಿಸತೊಡಗಿದ್ದೆ. ಅವನ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಅವಳಿಗೆ ಪೂರ್ತಿ ತಿಳಿಯುತ್ತಿತ್ತು.

ಅಂದು ಅವಳು ಹೊಸ್ತಿಲಲ್ಲಿ ನಿಂತಿದ್ದ ನನ್ನ ಕಡೆಗೂ ಬಂದಳು. ಪರ್ಸಿನೊಳಗೆ ಬೇರೆ ತೆಗೆದಿಟ್ಟಿದ್ದ ಎಸಳೊಂದನ್ನು ಮುಂದೆ ಹಿಡಿದಳು.

"ತಗೋರಿ."

"ಬೇಡ" ಎಂದೆ. "ಅವರಿಗೇ ಕೊಡಿ."

ಹಿರಿಯ ಗುಮಾಸ್ತ ಈರಪ್ಪ ಕಾಕಾ ಕನ್ನಡಕ ತೆಗೆದರು.

"ತಮ್ಮಾ, ಇದು ಬನ್ನಿ. ಹಬ್ಬಕ್ಕ ಎಲ್ಲಾರೂ ಎಲ್ಲಾರಿಗೂ ಕೊಡತೇವಿ. ಮಾತ ಬಿಟ್ಟ ದಾಯಾದಿ ಕೊಟ್ರೂ ತಗೋತೇವಿ. ಬ್ಯಾಡ ಅನ್ನಬೇಕಂದ್ರ..." ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಬಾಳ ಹತ್ತಿರದವ್ರ ಆಗಿರಬೇಕ."

ನಮ್ಮಲ್ಲಿ ಬನ್ನಿ ಮರಕ್ಕೆ ಪೂಜೆ ಮಾಡಿ ಬರುತ್ತೇವೆ, ಅಷ್ಟೇ. ನನಗೆ ಹೇಗೆ ತಿಳಿಯಬೇಕು? ಆದರೆ ಮಲ್ಲೇಶನ ನಗು ಆರಿದ್ದನ್ನು ಕಂಡೆ. ನನ್ನ ಅನುಮಾನ ಅವನ ಮಟ್ಟಿಗಾದರೂ ಸುಳ್ಳಾಗಿರಲಿಲ್ಲ.

ಶೈಲಾ ಎಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಒಳಕೋಣೆಗೆ ನಡೆದಳು. ಹಿಂದೆಯೇ ಹೋದೆ. ಜೋಳದ ಸುರುಳಿ ಬಿಚ್ಚಿ ಒಂದೇ ಕೈಯಲ್ಲಿ ಎಣಿಸುತ್ತಿದ್ದಳು.

"ನಿಮಗ ಗೊತ್ತಿರಲಿಲ್ಲ, ತಿಳೀತು. ಆದ್ರ ಈಗ ಎಲ್ಲಾರಿಗೂ ಗೊತ್ತಾತು. ಸಂಜಿಕ ಅಪ್ಪಗ ಮುಟ್ಟತೈತಿ. ನೀವು ಮೈಸೂರಿಗೆ ಹೊಂಟ ಬಿಡತೀರಿ. ನಾ ಇಲ್ಲೇ ಇರಾಕಿ."

"ತಪ್ಪಾಯ್ತು. ಆದರೆ ಗೊತ್ತಾದ ಮೇಲೂ ಹೊಟ್ಟೆ ಉರೀತಾನೇ ಇದೆ."

"ಎಲ್ಲಾರಿಗೂ ಕೊಡೂ ಎಲಿರಿ ಅದು!"

"ಅದಕ್ಕೇ."

"ನೋಡ್ರಿ, ಎಣಿಕಿ ತಪ್ಪಿಸಿದ್ರಿ" ಎಂದು ಮತ್ತೆ ಮೊದಲ ಕಾಳಿನಿಂದ ಶುರು ಮಾಡಿದಳು. ಕಣ್ಣು ಒದ್ದೆಯಾಗಿತ್ತು.

"ಮೈಸೂರಿಗೆ ಹೋಗಲ್ಲ" ಎಂದೆ.

"ನನಗಲ್ಲ. ಅಪ್ಪಗ ಹೇಳ್ರಿ." ಮುಷ್ಟಿ ಬಿಚ್ಚಿದಳು.

ಈ ಸಲ ತೆಗೆದುಕೊಂಡೆ. ಸಂಜೆ ಆ ನಲುಗಿದ ಎಸಳನ್ನೇ ಅವಳ ತಂದೆಯ ಕೈಗಿಟ್ಟು ಕಾಲಿಗೆರಗಿದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅವರ ಕೈ ಮೊದಲು ಮುಂದೆ ಬರಲಿಲ್ಲ. ಆಮೇಲೆ ಬಂತು.

"ಬನ್ನಿ ಬ್ಯಾಡ ಅನ್ನಾಕ ಬರಂಗಿಲ್ಲ" ಎಂದರು. "ಉಳದದ್ದು ನೋಡೂಣು."

ಇನ್ನೂ ನೋಡುತ್ತಿದ್ದಾರೆ. ಅರ್ಜಿಯನ್ನು ನಾನು ಮರುದಿನವೇ ಹಿಂದಕ್ಕೆ ಪಡೆದೆ. ಮದುವೆಯ ಮಾತು ಎರಡು ಮನೆಗಳ ನಡುವೆ ನಿಧಾನವಾಗಿ ನಡೆದಿದೆ.

ಈ ದಸರಾಕ್ಕೂ ಊರಲ್ಲಿದ್ದೇನೆ. ಅಮ್ಮನ ಮುದ್ದೆ, ಸೊಪ್ಪಿನ ಸಾರು, ಒಂದೇ ಸಲಕ್ಕೆ ಅರ್ಥವಾಗುವ ಮಾತು. ಬನ್ನಿ ಮರದಿಂದ ಒಂದೆಸಳು ತಂದು ಅಮ್ಮನ ಕೈಗಿಟ್ಟೆ. "ಇದನ್ನೇನು ಮಾಡ್ಲಪ್ಪ?" ಎಂದು ಕೇಳಿದಳು. ಅಲ್ಲಿ ಈ ಹೊತ್ತಿಗೆ ಶೈಲಾ ಬೀದಿಯ ಒಂದೊಂದು ಕೈಗೂ ಎಲೆ ಇಡುತ್ತಿರುತ್ತಾಳೆ, ಮಲ್ಲೇಶನ ಕೈಗೂ. ಹೋದ ವರ್ಷ ಅವನೊಬ್ಬನ ಮೇಲಿದ್ದ ಹೊಟ್ಟೆಕಿಚ್ಚು ಈಗ ಆ ಇಡೀ ಊರಿನ ಮೇಲಿದೆ.